ಕಮಾಂಡ್ ಲೈನ್‌ನಲ್ಲಿ ಇಮೇಲ್ ಫೋಲ್ಡರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಟರ್ಮಿನಲ್‌ನಲ್ಲಿ ಮೇಲ್ ನೋಡುವವರು, ಸಣ್ಣಪುಟ್ಟ ಮೇಲ್ ಸರ್ವರ್ ನಡೆಸುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಆಯ್ಕೆಗಳ ಪೂರ್ತಿ ಪಟ್ಟಿಗೆ ಮ್ಯಾನ್ ಪೇಜ್ ಇದ್ದೇ ಇದೆ. ಇಲ್ಲಿ ಜಾಸ್ತಿ ಹೇಳಿರುವುದು ಜನ ಎಲ್ಲಿ ಎಡವುತ್ತಾರೆ ಅನ್ನುವುದನ್ನು.

ವೆಬ್‌ಮೇಲ್ ಇದೆ, ಫೋನ್‌ನಲ್ಲಿ ಆ್ಯಪ್ ಇದೆ. ಟರ್ಮಿನಲ್ ಯಾಕೆ?

ಹತ್ತಿಪ್ಪತ್ತು ಮೇಲ್ ಆಚೀಚೆ ಮಾಡುವುದಕ್ಕೆ ಬೇಡವೇ ಬೇಡ. ಆದರೆ ಹತ್ತು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ರೈಲು ಟಿಕೆಟ್, ಕರೆಂಟ್ ಬಿಲ್ ಎಲ್ಲ ಇನ್‌ಬಾಕ್ಸ್‌ನಲ್ಲೇ ರಾಶಿ ಬಿದ್ದಿದ್ದರೆ? ವರ್ಷಕ್ಕೊಂದು ಫೋಲ್ಡರ್ ಮಾಡಿ ಹಂಚಲು ಮೌಸ್ ಹಿಡಿದು ಕೂತರೆ ಭಾನುವಾರ ಪೂರ್ತಿ ಹೋಗುತ್ತದೆ. ಟರ್ಮಿನಲ್‌ನಲ್ಲಿ ಅದು ಒಂದೆರಡು ಸಾಲಿನ ಕೆಲಸ. ಕ್ರಾನ್‌ಗೆ ಹಾಕಿದರೆ ತಿಂಗಳು ತಿಂಗಳೂ ತಾನೇ ನಡೆಯುತ್ತದೆ. ಎಸ್‌ಎಸ್‌ಎಚ್ ಬಿಟ್ಟರೆ ಬೇರೆ ದಾರಿ ಇಲ್ಲದ ಸರ್ವರ್‌ನಲ್ಲಂತೂ ಈ ಪ್ರಶ್ನೆಯೇ ಬರುವುದಿಲ್ಲ.

ಮೊದಲು ಇದನ್ನು ಹೇಳಿ: ಫೋಲ್ಡರ್ ಅಂದರೆ ಡಿಸ್ಕ್ ಮೇಲಿನ ಡೈರೆಕ್ಟರಿಯೇ ಅಲ್ವಾ?

ಕೆಲವು ಸಲ ಹೌದು, ಕೆಲವು ಸಲ ಅಲ್ಲ. ಮುಕ್ಕಾಲು ಪಾಲು ತೊಂದರೆ ಹುಟ್ಟುವುದೇ ಇಲ್ಲಿ.

ಹಳೆಯ ಎಂಬಾಕ್ಸ್ ಪದ್ಧತಿಯಲ್ಲಿ ಒಂದು ಫೋಲ್ಡರ್ ಅಂದರೆ ಒಂದೇ ಒಂದು ಫೈಲ್. ಎಲ್ಲ ಮೇಲ್‌ಗಳೂ ಅದರೊಳಗೆ ಒಂದರ ಕೆಳಗೊಂದು. ಎಂಎಚ್ ಪದ್ಧತಿಯಲ್ಲಿ ಫೋಲ್ಡರ್ ಅಂದರೆ ಡೈರೆಕ್ಟರಿ, ಪ್ರತಿ ಮೇಲ್ ಒಂದು ಫೈಲ್, ಫೈಲ್‌ನ ಹೆಸರು ಬರೀ ಅಂಕಿ. ಮೇಲ್‌ಡಿರ್‌ನಲ್ಲೂ ಮೇಲ್‌ಗೊಂದು ಫೈಲ್, ಆದರೆ ಫೋಲ್ಡರ್ ಒಳಗೆ ಮೂರು ಡೈರೆಕ್ಟರಿ. ಐಮ್ಯಾಪ್‌ನಲ್ಲಿ (ಸರ್ವರ್‌ನಲ್ಲಿರುವ ಮೇಲ್ ನೋಡಲು ಬಳಸುವ ನಿಯಮಾವಳಿ) ಫೋಲ್ಡರ್ ಅನ್ನುವುದು ಸರ್ವರ್ ಒಪ್ಪಿಕೊಂಡ ಒಂದು ಹೆಸರು, ಅಷ್ಟೇ. ಅದರ ಹಿಂದೆ ಡಿಸ್ಕ್‌ನಲ್ಲಿ ಏನಿದೆ ಅನ್ನುವುದು ನಿಮಗೆ ಕಾಣುವುದಿಲ್ಲ. ಜಿಮೇಲ್‌ನಲ್ಲಿ ಫೋಲ್ಡರೇ ಇಲ್ಲ, ಲೇಬಲ್ ಇದೆ.

ಹಾಗಾಗಿ ಯಾವುದೇ ಕಮಾಂಡ್ ಹೊಡೆಯುವ ಮುಂಚೆ ಕೇಳಿಕೊಳ್ಳಬೇಕಾದ್ದು ಒಂದೇ: ಈ ಫೋಲ್ಡರ್‌ನ ಯಜಮಾನ ಯಾರು? ನಿಮ್ಮ ಡಿಸ್ಕೋ, ಸರ್ವರೋ, ನಡುವೆ ಕೂತಿರುವ ಸಿಂಕ್ ಪ್ರೋಗ್ರಾಮೋ? ಯಜಮಾನನಿಗೆ ಹೇಳದೆ ಮಾಡಿದ ಬದಲಾವಣೆ ಉಳಿಯುವುದಿಲ್ಲ. ಉಳಿದರೂ ಎರಡೆರಡಾಗಿ ಉಳಿಯುತ್ತದೆ.

ಮೇಲ್‌ಡಿರ್ ಒಳಗೆ ಟಿಎಂಪಿ, ನ್ಯೂ, ಕರ್ ಅಂತ ಮೂರು ಇವೆ. ಫೈಲ್‌ಗಳ ಹೆಸರೂ ವಿಚಿತ್ರ. ಏನಿದೆಲ್ಲ?

ಮೇಲ್‌ಡಿರ್ 1990ರ ದಶಕದ್ದು. ಕ್ಯೂಮೇಲ್ ಎಂಬ ಮೇಲ್ ಸರ್ವರ್ ಬರೆದ ಡೇನಿಯಲ್ ಬರ್ನ್‌ಸ್ಟೈನ್ ಅವರ ಯೋಚನೆ. ಲಾಕ್ (ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಬೀಗ) ಇಲ್ಲದೆಯೇ ಮೇಲ್ ಸುರಕ್ಷಿತವಾಗಿ ಬೀಳಬೇಕು ಅನ್ನುವುದು ಉದ್ದೇಶ. ಬರುವ ಮೇಲ್ ಮೊದಲು ಟಿಎಂಪಿಯಲ್ಲಿ ಪೂರ್ತಿ ಬರೆದುಕೊಳ್ಳುತ್ತದೆ. ಬರೆದು ಮುಗಿದ ಮೇಲೇ ನ್ಯೂಗೆ ಹೋಗುತ್ತದೆ. ನಡುವೆ ಕರೆಂಟ್ ಹೋದರೆ ಅರ್ಧ ಫೈಲ್ ಟಿಎಂಪಿಯಲ್ಲಿ ಉಳಿಯುತ್ತದೆ, ನಿಮ್ಮ ಇನ್‌ಬಾಕ್ಸ್‌ಗೆ ಬರುವುದಿಲ್ಲ. 36 ಗಂಟೆ ಯಾರೂ ಮುಟ್ಟದ ಟಿಎಂಪಿ ಫೈಲ್‌ಗಳನ್ನು ಅಳಿಸಬಹುದು ಅಂತ ಮೇಲ್‌ಡಿರ್ ನಿಯಮದಲ್ಲೇ ಇದೆ. ಮೇಲ್ ಪ್ರೋಗ್ರಾಮ್ ಒಮ್ಮೆ ಕಣ್ಣಾಡಿಸಿದ ಮೇಲ್ ನ್ಯೂನಿಂದ ಕರ್‌ಗೆ ಸರಿಯುತ್ತದೆ.

ಈಗ ಒಂದು ಫೈಲ್‌ನ ಹೆಸರು ಬಿಡಿಸಿ ನೋಡೋಣ. ಎಂಬಿಸಿಂಕ್ (ಸರ್ವರ್‌ನ ಮೇಲನ್ನೂ ಡಿಸ್ಕ್‌ನ ಮೇಲನ್ನೂ ಹೊಂದಿಸುವ ಸಿಂಕ್ ಪ್ರೋಗ್ರಾಮ್) ಇಳಿಸಿದ ಒಂದು ಮೇಲ್ ಹೀಗಿರುತ್ತದೆ ಅಂದುಕೊಳ್ಳಿ:

1718000000.4321_1.ಮನೆ,ಯು=57:2,ಎಫ್‌ಎಸ್

ಮೊದಲ ಅಂಕಿ ಯುನಿಕ್ಸ್ ಸಮಯ, ಅಂದರೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡ್‌ಗಳು. ಇಲ್ಲಿ ಅದು 2024ರ ಜೂನ್ 10. ಆಮೇಲೆ ಪ್ರೋಸೆಸ್ ನಂಬರ್, ಕ್ರಮಸಂಖ್ಯೆ, ಕಂಪ್ಯೂಟರ್‌ನ ಹೆಸರು. ‘,ಯು=57’ ಅನ್ನುವುದು ಸರ್ವರ್‌ನ ಲೆಕ್ಕಕ್ಕೆ ಹೊಂದಿಸಿಕೊಳ್ಳಲು ಎಂಬಿಸಿಂಕ್ ಈ ಫೋಲ್ಡರ್‌ನಲ್ಲಿ ಈ ಮೇಲ್‌ಗೆ ಕೊಟ್ಟ ಗುರುತಿನ ಸಂಖ್ಯೆ. ಕೋಲನ್, 2, ಕಾಮಾ ಆದ ಮೇಲೆ ಬರುವ ಅಕ್ಷರಗಳೇ ಮೇಲ್‌ನ ಸ್ಥಿತಿ. ಎಸ್ ಅಂದರೆ ಓದಿದ್ದು, ಆರ್ ಅಂದರೆ ಉತ್ತರ ಕೊಟ್ಟಿದ್ದು, ಎಫ್ ಅಂದರೆ ನಕ್ಷತ್ರ ಹಾಕಿದ್ದು, ಟಿ ಅಂದರೆ ಕಸಕ್ಕೆ ಹಾಕಿದ್ದು, ಡಿ ಅಂದರೆ ಕರಡು, ಪಿ ಅಂದರೆ ಬೇರೆಯವರಿಗೆ ಫಾರ್ವರ್ಡ್ ಮಾಡಿದ್ದು. ಎಲ್ಲವೂ ದೊಡ್ಡಕ್ಷರ, ಅಕಾರಾದಿಯಲ್ಲೇ ಇರಬೇಕು. ಅಂದರೆ ಎಫ್‌ಎಸ್ ಸರಿ, ಎಸ್‌ಎಫ್ ತಪ್ಪು.

ಇದು ಗೊತ್ತಾದರೆ ಒಂದು ಖುಷಿ ಇದೆ. ಓದದ ಮೇಲ್ ಎಷ್ಟಿವೆ ಎಂದು ಎಣಿಸಲು ಮೇಲ್ ಪ್ರೋಗ್ರಾಮ್ ಬೇಡ. ನ್ಯೂನಲ್ಲಿರುವ ಫೈಲ್‌ಗಳಿಗೆ, ಕರ್‌ನಲ್ಲಿ ಎಸ್ ಇಲ್ಲದ ಫೈಲ್‌ಗಳನ್ನು ಸೇರಿಸಿದರೆ ಆಯಿತು.

ಹೊಸ ಫೋಲ್ಡರ್ ಕೈಯಾರೆ ಮಾಡಬಹುದಾ?

ಮೇಲ್‌ಡಿರ್ ಆದರೆ ಧಾರಾಳವಾಗಿ. ಎಂಕೆಡಿರ್ ಹೈಫನ್ ಪಿ ಹಾಕಿ ಕರ್, ನ್ಯೂ, ಟಿಎಂಪಿ ಮೂರನ್ನೂ ಮಾಡಿ. ಮೂರರಲ್ಲಿ ಒಂದು ಬಿಟ್ಟರೂ ಕೆಲವು ಪ್ರೋಗ್ರಾಮ್‌ಗಳು ಅದನ್ನು ಫೋಲ್ಡರ್ ಅಂತ ಒಪ್ಪುವುದಿಲ್ಲ. ಮೇಲ್‌ಡಿರ್‌ಮೇಕ್ ಅನ್ನುವ ಕಮಾಂಡ್ ಇದ್ದರೆ ಅದೇ ಮೂರನ್ನೂ ಮಾಡಿಕೊಡುತ್ತದೆ.

ಹೆಸರಿನ ವಿಷಯದಲ್ಲಿ ಹುಷಾರು. ಕೊರಿಯರ್ ಎಂಬ ಮೇಲ್ ಸರ್ವರ್‌ನಿಂದ ಬಂದ, ಡವ್‌ಕಾಟ್ ಎಂಬ ಇನ್ನೊಂದು ಮೇಲ್ ಸರ್ವರ್ ಕೂಡ ಬಳಸುವ ಮೇಲ್‌ಡಿರ್ ಪ್ಲಸ್ ಪ್ಲಸ್ ಪದ್ಧತಿಯಲ್ಲಿ ಒಳಫೋಲ್ಡರ್‌ಗಳು ನಿಜವಾಗಿ ಒಳಗೆ ಇರುವುದಿಲ್ಲ. ಎಲ್ಲವೂ ಅಕ್ಕಪಕ್ಕದಲ್ಲೇ, ಚುಕ್ಕಿಯಿಂದ ಶುರುವಾಗುವ ಹೆಸರಲ್ಲಿ ಇರುತ್ತವೆ. ‘ಬಿಲ್’ ಒಳಗೆ ‘ಕರೆಂಟ್’ ಅಂದರೆ ಡಿಸ್ಕ್‌ನಲ್ಲಿ ‘.ಬಿಲ್.ಕರೆಂಟ್’. ಚುಕ್ಕಿಯಿಂದ ಶುರು ಆಗುವುದರಿಂದ ಸುಮ್ನೆ ಎಲ್‌ಎಸ್ ಹೊಡೆದರೆ ಕಾಣುವುದೂ ಇಲ್ಲ. ಎಲ್‌ಎಸ್ ಹೈಫನ್ ಎ ಬೇಕು. ಎಂಬಿಸಿಂಕ್‌ನಲ್ಲಿ ಸಬ್‌ಫೋಲ್ಡರ್ಸ್ ಅನ್ನುವ ಸೆಟ್ಟಿಂಗ್‌ಗೆ ವರ್ಬಾಟಿಮ್ ಕೊಟ್ಟರೆ ಒಂದರೊಳಗೊಂದು ಡೈರೆಕ್ಟರಿ ಆಗುತ್ತದೆ. ಕಣ್ಣಿಗೆ ಇದೇ ಹಿತ. ಎರಡನ್ನೂ ಬೆರೆಸಬೇಡಿ.

ಸರ್ವರ್‌ನಲ್ಲಿ ಫೋಲ್ಡರ್ ಮಾಡಿದೆ, ಫೋನ್‌ನಲ್ಲಿ ಕಾಣ್ತಿಲ್ಲ.

ಸಬ್‌ಸ್ಕ್ರೈಬ್ ಆಗಿಲ್ಲ. ಐಮ್ಯಾಪ್‌ನಲ್ಲಿ ಫೋಲ್ಡರ್ ಇರುವುದು ಬೇರೆ, ಅದಕ್ಕೆ ಚಂದಾದಾರ ಆಗುವುದು ಬೇರೆ. ಬಹಳಷ್ಟು ಆ್ಯಪ್‌ಗಳು ಎರಡನೆಯ ಪಟ್ಟಿಯನ್ನು ಮಾತ್ರ ತೋರಿಸುತ್ತವೆ. ಡವ್‌ಕಾಟ್ ಸರ್ವರ್ ನಿಮ್ಮದೇ ಆಗಿದ್ದರೆ ‘ಡವ್‌ಆಡ್ಮ್ ಮೇಲ್‌ಬಾಕ್ಸ್ ಕ್ರಿಯೇಟ್’ ಜೊತೆ ಹೈಫನ್ ಎಸ್ ಹಾಕಿ. ಎರಡೂ ಒಟ್ಟಿಗೆ ಆಗುತ್ತದೆ.

ಮೇಲ್‌ಡಿರ್‌ನಲ್ಲಿ ಎಂವಿ ಹೊಡೆದು ಮೇಲ್ ಸಾಗಿಸಿದರೆ ಆಯಿತಲ್ಲ?

ಮೇಲ್‌ಡಿರ್ ಮಟ್ಟಿಗೆ ಆಯಿತು. ಫೈಲ್ ಸಾಗಿತು ಅಂದರೆ ಮೇಲ್ ಸಾಗಿತು. ಒಂದು ಕರ್‌ನಿಂದ ಇನ್ನೊಂದು ಕರ್‌ಗೆ ಹೋಗಬೇಕು ಅನ್ನುವುದು ಬಿಟ್ಟರೆ ಬೇರೆ ನಿಯಮ ಇಲ್ಲ.

ಸಿಕ್ಕಿಬೀಳುವುದು ಎಂಬಿಸಿಂಕ್ ಜೊತೆಗೆ. ಮೇಲೆ ಹೇಳಿದ ‘,ಯು=57’ ಇದೆಯಲ್ಲ, ಅದು ಇನ್‌ಬಾಕ್ಸ್‌ನ 57. ಫೈಲನ್ನು ಹಾಗೆಯೇ ಆರ್ಕೈವ್‌ಗೆ ಎತ್ತಿ ಹಾಕಿದರೆ, ಅಲ್ಲಿ ಆಗಲೇ ಒಂದು 57 ಇರಬಹುದು. ಮುಂದಿನ ಸಲ ಸಿಂಕ್ ಮಾಡಿದಾಗ ‘ಡೂಪ್ಲಿಕೇಟ್ ಯುಐಡಿ’ ಅನ್ನುವ ದೂರು ಬರುತ್ತದೆ. ಅಲ್ಲಿ 57 ಇಲ್ಲದಿದ್ದರೆ ಇನ್ನೂ ಕಷ್ಟ, ಯಾಕೆಂದರೆ ದೂರೇ ಬರದೆ ಲೆಕ್ಕ ತಪ್ಪಬಹುದು.

ಪರಿಹಾರ ಸುಲಭ. ಸಾಗಿಸುವಾಗಲೇ ಹೆಸರಿನಿಂದ ‘,ಯು=’ ಮತ್ತು ಅದರ ನಂತರ ಬರುವ ಅಂಕಿಗಳನ್ನು ತೆಗೆದುಬಿಡಿ. ಸೆಡ್‌ನಲ್ಲಿ ಒಂದು ಸಣ್ಣ ಬದಲಿ ಸಾಲು ಸಾಕು. ಕೋಲನ್ 2 ಕಾಮಾ ಮತ್ತು ಅದರ ಮುಂದಿನ ಅಕ್ಷರಗಳನ್ನು ಮುಟ್ಟಬೇಡಿ, ಇಲ್ಲದಿದ್ದರೆ ಓದಿದ ಮೇಲ್‌ಗಳೆಲ್ಲ ಮತ್ತೆ ಓದದ ಹಾಗೆ ಆಗುತ್ತವೆ. ಸಂಖ್ಯೆ ಇಲ್ಲದ ಫೈಲ್ ಸಿಕ್ಕಿದರೆ ಎಂಬಿಸಿಂಕ್ ಅದನ್ನು ಹೊಸ ಮೇಲ್ ಎಂದುಕೊಂಡು ಹೊಸ ಸಂಖ್ಯೆ ಕೊಡುತ್ತದೆ, ಸರ್ವರ್‌ಗೂ ಏರಿಸುತ್ತದೆ. ಈಮ್ಯಾಕ್ಸ್ ಎಡಿಟರ್‌ನಲ್ಲಿ ಎಂಯು4ಇ ಅನ್ನುವ ಮೇಲ್ ಪ್ರೋಗ್ರಾಮ್ ಬಳಸುವವರಿಗೆ ಇದಕ್ಕೆಂದೇ ಒಂದು ಸೆಟ್ಟಿಂಗ್ ಇದೆ: ಸಾಗಿಸುವಾಗ ಫೈಲ್ ಹೆಸರು ಬದಲಿಸು ಅನ್ನುವುದು. ಎಂಬಿಸಿಂಕ್ ಇದ್ದರೆ ಅದು ಕಡ್ಡಾಯ ಅಂದುಕೊಳ್ಳಿ.

ಡವ್‌ಕಾಟ್‌ನ ಮೇಲ್‌ಡಿರ್‌ನಲ್ಲಿ ಬೇರೆ ವಿಷಯ. ಅಲ್ಲಿ ಹೆಸರಿನೊಳಗೆ ‘,ಎಸ್=’ ಅಂತ ಫೈಲ್‌ನ ಗಾತ್ರ ಇರುತ್ತದೆ. ಸಾಗಿಸಿದರೆ ತೊಂದರೆ ಇಲ್ಲ. ಫೈಲ್ ತೆರೆದು ಒಂದಕ್ಷರ ತಿದ್ದಿದರೂ ಗಾತ್ರ ಹೊಂದದೆ ಸರ್ವರ್ ಲಾಗ್‌ನಲ್ಲಿ ಗಲಾಟೆ ಶುರುವಾಗುತ್ತದೆ. ಇನ್ನು ಸರ್ವರ್ ಎಸ್‌ಡಿಬಾಕ್ಸ್ ಅಥವಾ ಎಂಡಿಬಾಕ್ಸ್ (ಡವ್‌ಕಾಟ್‌ನ ಸ್ವಂತ ಮೇಲ್ ಸಂಗ್ರಹ ಪದ್ಧತಿಗಳು) ಬಳಸುತ್ತಿದ್ದರೆ ಎಂವಿ, ಆರ್‌ಎಂ ಎರಡನ್ನೂ ಮರೆತುಬಿಡಿ. ಅಲ್ಲಿ ಡವ್‌ಆಡ್ಮ್ ಒಂದೇ ದಾರಿ.

ಹಳೆಯ ಎಂಬಾಕ್ಸ್ ಫೈಲ್ ಒಂದು ಸಿಕ್ಕಿದೆ. ಏನು ಮಾಡಲಿ?

ಪ್ರತಿ ಮೇಲ್ ‘ಫ್ರಮ್’ ಎಂಬ ಪದ ಮತ್ತು ಒಂದು ಖಾಲಿ ಜಾಗ (ಸ್ಪೇಸ್) ಮೊದಲಿಗೆ ಇರುವ ಸಾಲಿನಿಂದ ಶುರುವಾಗುತ್ತದೆ. ಆ ಸಾಲುಗಳನ್ನು ಗ್ರೆಪ್ ಹೈಫನ್ ಸಿ ಹಾಕಿ ಎಣಿಸಿದರೆ ಮೇಲ್ ಎಷ್ಟು ಅಂತ ಅಂದಾಜು ಸಿಗುತ್ತದೆ. ಅಂದಾಜು ಯಾಕೆಂದರೆ, ಪತ್ರದ ಮೈಯಲ್ಲೇ ಅದೇ ಪದದಿಂದ ಸಾಲು ಶುರುವಾದರೆ ಅದರ ಮುಂದೆ ‘>’ ಹಾಕಿ ತಪ್ಪಿಸಬೇಕು. ಎಲ್ಲ ಪ್ರೋಗ್ರಾಮ್‌ಗಳೂ ಅಷ್ಟು ಶಿಸ್ತಾಗಿಲ್ಲ. ಬಳಕೆಯಲ್ಲಿರುವ ಎಂಬಾಕ್ಸನ್ನು ಲಾಕ್ ಇಲ್ಲದೆ ಕೈಯಾರೆ ತಿದ್ದಬೇಡಿ. ಆ ಹೊತ್ತಿಗೆ ಒಂದು ಮೇಲ್ ಬಂದು ಬಿದ್ದರೆ ಫೈಲೇ ಕೆಡಬಹುದು.

ಮೇಲ್‌ಡಿರ್‌ಗೆ ಬದಲಿಸುವುದೇ ವಾಸಿ. ಟರ್ಮಿನಲ್‌ನ ಮೇಲ್ ಪ್ರೋಗ್ರಾಮ್ ಆದ ಮಟ್‌ನಲ್ಲಿ ಆ ಫೈಲ್ ತೆರೆದು, ಎಲ್ಲವನ್ನೂ ಟ್ಯಾಗ್ ಮಾಡಿ, ಒಂದು ಮೇಲ್‌ಡಿರ್‌ಗೆ ಸೇವ್ ಮಾಡಿದರೆ ಮುಗಿಯಿತು.

ಸರ್ವರ್‌ನಲ್ಲಿ ಯಾವ ಯಾವ ಫೋಲ್ಡರ್ ಇದೆ ಅಂತ ಏನನ್ನೂ ಇನ್‌ಸ್ಟಾಲ್ ಮಾಡದೆ ನೋಡಬಹುದಾ?

ನೋಡಬಹುದು. ಒಮ್ಮೆಯಾದರೂ ಮಾಡಿ ನೋಡಿ, ಐಮ್ಯಾಪ್ ಅಂದರೇನು ಅಂತ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ‘ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್’ ಕಮಾಂಡನ್ನು ನಿಮ್ಮ ಸರ್ವರ್‌ನ 993ನೇ ಪೋರ್ಟ್‌ಗೆ ಜೋಡಿಸಿ. ಸಾಲಿನ ಕೊನೆ ಸರಿಯಾಗಿ ಹೋಗಲು ಹೈಫನ್ ಸಿಆರ್‌ಎಲ್‌ಎಫ್ ಕೂಡ ಕೊಡಿ. ಸರ್ವರ್ ನಮಸ್ಕಾರ ಹೇಳುತ್ತದೆ. ಆಮೇಲೆ ನೀವು ಕಳಿಸುವ ಪ್ರತಿ ಸಾಲಿಗೂ ಮುಂದೆ ಒಂದು ಗುರುತು ಇರಬೇಕು. ಎ1, ಎ2 ಹೀಗೆ ಏನಾದರೂ ಆದೀತು:

ಎ1 ಲಾಗಿನ್ ಹೆಸರು ಪಾಸ್‌ವರ್ಡ್
ಎ2 ಲಿಸ್ಟ್ "" "*"

ಎರಡನೆಯ ಸಾಲಿಗೆ ಫೋಲ್ಡರ್‌ಗೊಂದು ಸಾಲಿನಂತೆ ಉತ್ತರ ಬರುತ್ತದೆ. ಪ್ರತಿ ಸಾಲಲ್ಲಿ ಒಳಫೋಲ್ಡರ್ ಇದೆಯೋ ಇಲ್ಲವೋ ಎಂಬ ಸೂಚನೆ, ಹೆಸರುಗಳನ್ನು ಬೇರ್ಪಡಿಸುವ ಚಿಹ್ನೆ, ಕೊನೆಗೆ ಹೆಸರು. ಆ ಚಿಹ್ನೆಯನ್ನು ನೋಡಿಟ್ಟುಕೊಳ್ಳಿ. ಕೆಲವು ಸರ್ವರ್‌ನಲ್ಲಿ ಅದು ಓರೆಗೆರೆ, ಕೆಲವಲ್ಲಿ ಚುಕ್ಕಿ. ಸ್ಕ್ರಿಪ್ಟ್‌ನಲ್ಲಿ ಓರೆಗೆರೆ ಅಂತ ಊಹಿಸಿ ಬರೆದು, ಸರ್ವರ್ ಬದಲಾದ ದಿನ ಪರದಾಡುವವರು ಜಾಸ್ತಿ.

ಕ್ರಿಯೇಟ್, ರೀನೇಮ್, ಡಿಲೀಟ್ ಕೂಡ ಹೀಗೆಯೇ ನಡೆಯುತ್ತವೆ. ರೀನೇಮ್‌ನಲ್ಲಿ ಒಂದು ವಿಚಿತ್ರ ಇದೆ. ಇನ್‌ಬಾಕ್ಸ್‌ಗೆ ರೀನೇಮ್ ಕೊಟ್ಟರೆ ಇನ್‌ಬಾಕ್ಸ್ ಹೋಗುವುದಿಲ್ಲ. ಅದರೊಳಗಿನ ಮೇಲ್‌ಗಳೆಲ್ಲ ಹೊಸ ಹೆಸರಿನ ಫೋಲ್ಡರ್‌ಗೆ ಹೋಗುತ್ತವೆ, ಇನ್‌ಬಾಕ್ಸ್ ಖಾಲಿಯಾಗಿ ಉಳಿಯುತ್ತದೆ. ಇದು ದೋಷ ಅಲ್ಲ, 2003ರ ಐಮ್ಯಾಪ್ ನಿಯಮಾವಳಿಯಲ್ಲೇ ಹಾಗಿದೆ. ವರ್ಷದ ಕೊನೆಯಲ್ಲಿ ಇನ್‌ಬಾಕ್ಸನ್ನು ಒಂದೇ ಏಟಿಗೆ ಖಾಲಿ ಮಾಡಲು ಇದಕ್ಕಿಂತ ಚಿಕ್ಕ ಕಮಾಂಡ್ ಇಲ್ಲ.

ಇನ್‌ಬಾಕ್ಸ್ ಅನ್ನುವ ಹೆಸರಿಗೆ ದೊಡ್ಡಕ್ಷರ ಸಣ್ಣಕ್ಷರದ ಭೇದ ಇಲ್ಲ. ಉಳಿದ ಹೆಸರುಗಳಿಗೆ ಸಾಮಾನ್ಯವಾಗಿ ಇದೆ.

ಲಾಗಿನ್ ಸಾಲಿನಲ್ಲಿ ಪಾಸ್‌ವರ್ಡ್ ಪರದೆ ಮೇಲೆ ಕಾಣುತ್ತದೆ, ಪಕ್ಕದಲ್ಲಿ ಯಾರಿದ್ದಾರೆ ನೋಡಿಕೊಳ್ಳಿ.

ಫೋಲ್ಡರ್‌ಗೆ ಕನ್ನಡದಲ್ಲಿ ಹೆಸರಿಟ್ಟರೆ ನಡೆಯುತ್ತಾ?

ನಡೆಯುತ್ತದೆ. ಆದರೆ ಟರ್ಮಿನಲ್‌ನಲ್ಲಿ ಅದು ಕನ್ನಡದ ಹಾಗೆ ಕಾಣುತ್ತದೆ ಅನ್ನುವ ಭರವಸೆ ಇಲ್ಲ.

ಹಳೆಯ ಐಮ್ಯಾಪ್‌ಗೆ ಬರೀ ಇಂಗ್ಲಿಷ್ ಅಕ್ಷರ ಗೊತ್ತು. ಬೇರೆ ಲಿಪಿಯ ಹೆಸರನ್ನು ಅದು ಯುಟಿಎಫ್-7ರ ಒಂದು ಮಾರ್ಪಾಟಿನಲ್ಲಿ ಮುಚ್ಚಿಡುತ್ತದೆ. ಹೆಸರು ‘&’ ಚಿಹ್ನೆಯಿಂದ ಶುರುವಾಗಿ ಹೈಫನ್‌ನಲ್ಲಿ ಮುಗಿಯುತ್ತದೆ, ನಡುವೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ‘ಕನ್ನಡ’ ಎಂದು ಹೆಸರಿಟ್ಟರೆ ಯುನಿಕೋಡ್ ಲೆಕ್ಕದಲ್ಲಿ ಅದು 5 ಸಂಕೇತ, ಸರ್ವರ್ ಪಟ್ಟಿಯಲ್ಲಿ 16 ಅಕ್ಷರ. ಪಟ್ಟಿ ನೋಡಿ ಗಾಬರಿ ಆಗಬೇಡಿ, ವೈರಸ್ ಅಲ್ಲ. ಗುರುತಿಸುವ ಉಪಾಯ ಒಂದಿದೆ. ಕನ್ನಡ ಅಕ್ಷರದಿಂದ ಶುರುವಾಗುವ ಹೆಸರಾದರೆ ‘&’ ಆದ ಕೂಡಲೇ ಯಾವತ್ತೂ ದೊಡ್ಡಕ್ಷರದ ಡಿ ಬರುತ್ತದೆ, ಅದರ ನಂತರ ಐಯಿಂದ ಪಿವರೆಗಿನ ಒಂದು ದೊಡ್ಡಕ್ಷರ. ತೆಲುಗು ಹೆಸರಿಗೂ ಮೊದಲು ಡಿಯೇ, ಆದರೆ ಎರಡನೆಯದು ಎಯಿಂದ ಎಚ್‌ವರೆಗೆ. ಯುನಿಕೋಡ್‌ನಲ್ಲಿ ಎರಡೂ ಲಿಪಿ ಅಕ್ಕಪಕ್ಕದ ಮನೆಯವರು, ಅದಕ್ಕೆ ಹೀಗೆ. 2021ರಲ್ಲಿ ಬಂದ ಐಮ್ಯಾಪ್‌ನ ಹೊಸ ಆವೃತ್ತಿಯಲ್ಲಿ ಹೆಸರುಗಳು ನೇರ ಯುಟಿಎಫ್-8. ಆದರೆ ನಿಮ್ಮ ಸರ್ವರ್, ನಿಮ್ಮ ಪ್ರೋಗ್ರಾಮ್ ಎರಡೂ ಅದಕ್ಕೆ ಬಂದಿರಬೇಕು.

ಇದಕ್ಕಿಂತ ತಲೆ ತಿನ್ನುವುದು ಕಣ್ಣಿಗೆ ಕಾಣದ ಅಕ್ಷರ. ‘ಬ್ಯಾಂಕ್’ ಅಂತ ಎರಡು ಫೋಲ್ಡರ್ ಕಾಣುತ್ತಿದೆ, ಎರಡೂ ಒಂದೇ ಥರ ಇವೆ ಅನ್ನುವ ದೂರು ಬರುತ್ತದೆ. ನೋಡಿದರೆ ಒಂದರ ಕೊನೆಯಲ್ಲಿ ಅರ್ಧಾಕ್ಷರ ಬಿಡಿಸಿ ತೋರಿಸಲು ಬಳಸುವ ಶೂನ್ಯ ಅಗಲದ ಚಿಹ್ನೆ ಸೇರಿಕೊಂಡಿರುತ್ತದೆ. ಹಾಗೆಯೇ ‘ಕೊ’ ಅನ್ನುವ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಅನುಮಾನ ಬಂದರೆ ಹೆಸರನ್ನು ‘ಎಕ್ಸ್‌ಎಕ್ಸ್‌ಡಿ’ಗೆ ಪೈಪ್ ಮಾಡಿ ಬೈಟ್‌ಗಳನ್ನೇ ನೋಡಿ.

ಉದ್ದದ ಮಿತಿಯೂ ಇದೆ. ಲಿನಕ್ಸ್‌ನಲ್ಲಿ ಒಂದು ಫೈಲ್ ಹೆಸರು ಸಾಮಾನ್ಯವಾಗಿ 255 ಬೈಟ್ ದಾಟುವಂತಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಅಂದರೆ 85 ಸಂಕೇತ. ಜಾಸ್ತಿ ಅನ್ನಿಸಬಹುದು. ಆದರೆ ಮೇಲ್‌ಡಿರ್ ಪ್ಲಸ್ ಪ್ಲಸ್‌ನಲ್ಲಿ ನಾಲ್ಕು ಹಂತದ ಒಳಫೋಲ್ಡರ್ ಕೂಡ ಒಂದೇ ಹೆಸರು ಅನ್ನುವುದು ನೆನಪಿರಲಿ. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುವುದು, ಪಟ್ಟಿಯ ಸಾಲು ಓರೆಯಾಗುವುದು ಟರ್ಮಿನಲ್‌ನ ಹಳೆಯ ಕಾಯಿಲೆ.

ನನ್ನ ಅಭಿಪ್ರಾಯ ಕೇಳಿದರೆ: ಸ್ಕ್ರಿಪ್ಟ್ ಮುಟ್ಟುವ ಫೋಲ್ಡರ್‌ಗಳಿಗೆ ಚಿಕ್ಕ ಇಂಗ್ಲಿಷ್ ಹೆಸರು ಸಾಕು. ಕೈಯಾರೆ ತೆರೆದು ಓದುವ ಫೋಲ್ಡರ್‌ಗಳಿಗೆ, ಅಪ್ಪ ಬರೆದ ಪತ್ರ, ಊರಿನ ಸಂಘದ ಮೇಲ್ ಇಂಥವಕ್ಕೆ, ಧಾರಾಳವಾಗಿ ಕನ್ನಡ ಇಡಿ.

ಜಿಮೇಲ್ ಐಮ್ಯಾಪ್‌ನಲ್ಲಿ ಒಂದೇ ಮೇಲ್ ಎರಡು ಮೂರು ಫೋಲ್ಡರ್‌ನಲ್ಲಿ ಬರುತ್ತಿದೆ. ಡಿಸ್ಕ್ ತುಂಬುತ್ತಿದೆ.

ಬರಲೇಬೇಕು. ಜಿಮೇಲ್‌ನಲ್ಲಿ ಮೇಲ್ ಒಂದೇ, ಅದಕ್ಕೆ ಹಚ್ಚಿದ ಲೇಬಲ್ ಹಲವು. ಐಮ್ಯಾಪ್‌ಗೆ ಲೇಬಲ್ ಗೊತ್ತಿಲ್ಲವಾದ್ದರಿಂದ ಪ್ರತಿ ಲೇಬಲನ್ನೂ ಫೋಲ್ಡರ್ ಅಂತ ತೋರಿಸುತ್ತದೆ. ಮೇಲಿಂದ ‘ಆಲ್ ಮೇಲ್’ ಅನ್ನುವುದರಲ್ಲಿ ಕಸ ಮತ್ತು ಸ್ಪ್ಯಾಮ್ ಬಿಟ್ಟು ಎಲ್ಲವೂ ಇನ್ನೊಮ್ಮೆ. ಎಂಬಿಸಿಂಕ್‌ನಲ್ಲಿ ಪ್ಯಾಟರ್ನ್ಸ್ ಸಾಲಿಗೆ ಆಶ್ಚರ್ಯಸೂಚಕ ಹಾಕಿ ಆಲ್ ಮೇಲನ್ನು ಹೊರಗಿಡಿ. ಅಥವಾ ಉಲ್ಟಾ ಮಾಡಿ: ಆಲ್ ಮೇಲ್ ಒಂದನ್ನೇ ಇಳಿಸಿ, ಉಳಿದದ್ದನ್ನು ಹುಡುಕಾಟಕ್ಕೆ ಬಿಡಿ. ಎರಡೂ ಬೇಕು ಅಂದರೆ ಡಿಸ್ಕ್ ದೊಡ್ಡದಿರಲಿ. ವರ್ಕ್‌ಸ್ಪೇಸ್ (ಸಂಸ್ಥೆಗಳಿಗೆ ಗೂಗಲ್ ಕೊಡುವ) ಖಾತೆಗಳಲ್ಲಿ ಐಮ್ಯಾಪ್ ಇಳಿಕೆಗೆ ದಿನಕ್ಕೆ 2500 ಎಂಬಿ ಮಿತಿ ಇದೆ. ಹಾಗಾಗಿ ಮೊದಲ ಸಲ ಒಂದೇ ದಿನದಲ್ಲಿ ಮುಗಿಯದೆ ಇರಬಹುದು.

ಅಳಿಸುವಾಗ ಇನ್ನೊಂದು ತಮಾಷೆ. ಒಂದು ಲೇಬಲ್ ಫೋಲ್ಡರ್‌ನಿಂದ ಮೇಲ್ ಅಳಿಸಿದರೆ ಮೇಲ್ ಹೋಗುವುದಿಲ್ಲ, ಲೇಬಲ್ ಮಾತ್ರ ಕಳಚುತ್ತದೆ. ಮೇಲ್ ಆಲ್ ಮೇಲ್‌ನಲ್ಲಿ ಆರಾಮಾಗಿ ಕೂತಿರುತ್ತದೆ. ನಿಜವಾಗಿ ಹೋಗಬೇಕು ಅಂದರೆ ಟ್ರ್ಯಾಶ್ ಫೋಲ್ಡರ್‌ಗೆ ಸಾಗಿಸಬೇಕು. ಅಲ್ಲಿ 30 ದಿನ ಇದ್ದು ಹೋಗುತ್ತದೆ.

ಖಾತೆಯ ಭಾಷೆಯನ್ನು ಕನ್ನಡಕ್ಕೆ ಇಟ್ಟುಕೊಂಡವರಿಗೆ ಒಂದು ಮಾತು. ಜಿಮೇಲ್ ತನ್ನದೇ ಫೋಲ್ಡರ್‌ಗಳ ಹೆಸರನ್ನು, ಅಂದರೆ ಸೆಂಟ್, ಟ್ರ್ಯಾಶ್, ಆಲ್ ಮೇಲ್ ಇವನ್ನು, ಖಾತೆಯ ಭಾಷೆಗೆ ತಕ್ಕಂತೆ ಬದಲಿಸುತ್ತದೆ. ಎಲ್ಲಿಂದಲೋ ತಂದ ಕಾನ್ಫಿಗ್‌ನಲ್ಲಿ ಇಂಗ್ಲಿಷ್ ಹೆಸರಿರುತ್ತದೆ, ನಿಮ್ಮ ಸರ್ವರ್ ಆ ಹೆಸರಿನ ಫೋಲ್ಡರ್ ಇಲ್ಲ ಅನ್ನುತ್ತದೆ. ಎಂಬಿಸಿಂಕ್‌ಗೆ ‘--ಲಿಸ್ಟ್’ ಕೊಟ್ಟು ನಿಜವಾದ ಹೆಸರು ನೋಡಿಕೊಳ್ಳಿ, ಇಲ್ಲವೇ ಖಾತೆಯ ಭಾಷೆಯನ್ನು ಇಂಗ್ಲಿಷ್‌ಗೆ ತನ್ನಿ.

ಪಾಸ್‌ವರ್ಡ್ ಸರಿ ಇದ್ದರೂ ಲಾಗಿನ್ ಆಗುತ್ತಿಲ್ಲವಾ? ಮಾಮೂಲಿ ಪಾಸ್‌ವರ್ಡ್‌ನಲ್ಲಿ ಒಳಬಿಡುವುದನ್ನು ಗೂಗಲ್ 2022ರಿಂದ ನಿಲ್ಲಿಸುತ್ತಾ ಬಂದಿದೆ. ಎರಡು ಹಂತದ ಪರಿಶೀಲನೆ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಿರಿ, ಅಥವಾ ಓಆಥ್ (ಪಾಸ್‌ವರ್ಡ್ ಬದಲು ಟೋಕನ್ ಕೊಟ್ಟು ಒಳಹೋಗುವ ವಿಧಾನ) ಜೋಡಿಸಿ. ಅದನ್ನು ಕಾನ್ಫಿಗ್ ಫೈಲ್‌ನಲ್ಲಿ ಬರೆದಿಡಬೇಡಿ. ಎಂಬಿಸಿಂಕ್‌ನ ಪಾಸ್‌ಸಿಎಂಡಿ ಸಾಲಿನಲ್ಲಿ ‘ಪಾಸ್’ನಂಥ ಕಮಾಂಡ್‌ನಿಂದ ಓದಿಸಿ.

ಕಂಪ್ಯೂಟರ್‌ನಲ್ಲಿ ಒಂದು ಫೋಲ್ಡರ್ ಅಳಿಸಿದೆ. ಮುಂದಿನ ಸಿಂಕ್‌ನಲ್ಲಿ ಪೂರ್ತಿ ವಾಪಸ್ ಬಂತು!

ಎಂಬಿಸಿಂಕ್ ಏನು ಬಂತು, ಏನು ಹೋಯಿತು ಎಂದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ ಬರೆದಿಟ್ಟುಕೊಳ್ಳುತ್ತದೆ. ಸಿಂಕ್‌ಸ್ಟೇಟ್‌ಗೆ ನಕ್ಷತ್ರ ಕೊಟ್ಟಿದ್ದರೆ ಆ ದಾಖಲೆ ಆಯಾ ಫೋಲ್ಡರ್ ಒಳಗೇ ಇರುತ್ತದೆ. ನೀವು ಆರ್‌ಎಂ ಹೈಫನ್ ಆರ್ ಹೊಡೆದಾಗ ಮೇಲ್ ಜೊತೆ ದಾಖಲೆಯೂ ಹೋಯಿತು. ಈಗ ಅದರ ಕಣ್ಣಿಗೆ ಸರ್ವರ್‌ನಲ್ಲಿ ಇರುವುದು ಹೊಚ್ಚ ಹೊಸ ಫೋಲ್ಡರ್. ಕ್ರಿಯೇಟ್ ಸೆಟ್ಟಿಂಗ್ ಆನ್ ಇದೆ, ಇಳಿಸಿತು.

ಸರಿಯಾದ ದಾರಿ: ಫೋಲ್ಡರನ್ನು ಸರ್ವರ್‌ನಲ್ಲೇ ಅಳಿಸಿ, ಆಮೇಲೆ ಇಲ್ಲಿಯದನ್ನು ತೆಗೆಯಿರಿ. ಎಂಬಿಸಿಂಕ್‌ನಲ್ಲಿ ರಿಮೂವ್ ಅನ್ನುವ ಸೆಟ್ಟಿಂಗ್ ಇದೆ, ಒಂದು ಕಡೆ ಅಳಿಸಿದ ಫೋಲ್ಡರನ್ನು ಇನ್ನೊಂದು ಕಡೆಯೂ ಅಳಿಸುತ್ತದೆ. ಆದರೆ ಒಳಗೆ ಮೇಲ್ ಇದ್ದರೆ ಮುಟ್ಟುವುದಿಲ್ಲ. ಒಳ್ಳೆಯದೇ. ಕ್ರಿಯೇಟ್, ರಿಮೂವ್, ಎಕ್ಸ್‌ಪಂಜ್ (ಅಳಿಸಿದ ಗುರುತಿರುವ ಮೇಲ್‌ಗಳನ್ನು ನಿಜವಾಗಿ ತೆಗೆದುಹಾಕುವುದು) ಮೂರೂ ನೀವು ಕೇಳದಿದ್ದರೆ ಆಫ್ ಆಗಿರುತ್ತವೆ. ಮೇಲ್ ಅಳಿಸಿದರೂ ಸರ್ವರ್‌ನಲ್ಲಿ ಹಾಗೇ ಇದೆ ಅನ್ನುವವರು ಎಕ್ಸ್‌ಪಂಜ್ ನೋಡಿ.

ಹೆಸರು ಬದಲಿಸುವುದು ಎಂಬಿಸಿಂಕ್‌ಗೆ ಅರ್ಥವೇ ಆಗುವುದಿಲ್ಲ. ಅದಕ್ಕೆ ಅದು ಒಂದು ಹೋಗಿ ಇನ್ನೊಂದು ಬಂದ ಹಾಗೆ. 20 ಸಾವಿರ ಮೇಲ್ ಇರುವ ಫೋಲ್ಡರ್ ಹೆಸರು ಬದಲಿಸಿದರೆ ಅಷ್ಟನ್ನೂ ಮತ್ತೆ ಏರಿಸುತ್ತದೆ. ಸರ್ವರ್‌ನಲ್ಲಿ ರೀನೇಮ್ ಕೊಟ್ಟು, ಅದೇ ಹೊತ್ತಿಗೆ ಇಲ್ಲಿಯೂ ಡೈರೆಕ್ಟರಿ ಹೆಸರು ಬದಲಿಸಿ, ಆಮೇಲೆ ಸಿಂಕ್ ಓಡಿಸಿ.

ಒಂದು ಸಣ್ಣ ಎಚ್ಚರಿಕೆ: ಹಳೆಯ ಕಾನ್ಫಿಗ್‌ಗಳಲ್ಲಿ ಮಾಸ್ಟರ್, ಸ್ಲೇವ್ ಅಂತ ಇದ್ದದ್ದು 1.4ನೇ ಆವೃತ್ತಿಯಿಂದ ಫಾರ್, ನಿಯರ್ ಆಗಿದೆ. ಫಾರ್ ಅಂದರೆ ಸರ್ವರ್, ನಿಯರ್ ಅಂದರೆ ನಿಮ್ಮ ಡಿಸ್ಕ್.

ಒಂದು ವರ್ಷಕ್ಕಿಂತ ಹಳೆಯ ಮೇಲ್‌ಗಳನ್ನು ಆರ್ಕೈವ್‌ಗೆ ಹಾಕುವುದು ಹೇಗೆ?

ಎಲ್ಲರಿಗೂ ಮೊದಲು ಹೊಳೆಯುವುದು ಫೈಂಡ್ ಮತ್ತು ‘-ಎಂಟೈಮ್ +365’. ಇದು ನೋಡುವುದು ಫೈಲ್‌ನ ತಾರೀಕು, ಮೇಲ್‌ನ ತಾರೀಕು ಅಲ್ಲ. ಎಂಬಿಸಿಂಕ್ ನಿನ್ನೆ ಇಳಿಸಿದ 2012ರ ಮೇಲ್‌ಗೆ ಫೈಲ್ ತಾರೀಕು ನಿನ್ನೆಯದೇ. ಕಾಪಿಅರೈವಲ್‌ಡೇಟ್ ಅನ್ನುವ ಸೆಟ್ಟಿಂಗ್‌ಗೆ ಯೆಸ್ (ಹೌದು) ಅಂತ ಮೊದಲೇ ಕೊಟ್ಟಿದ್ದರೆ ಮಾತ್ರ ಬಂದ ತಾರೀಕು ಉಳಿಯುತ್ತದೆ.

ಡವ್‌ಕಾಟ್ ಸರ್ವರ್ ಕೈಯಲ್ಲಿದ್ದರೆ ಡವ್‌ಆಡ್ಮ್ ಮೂವ್‌ಗೆ ಸಮ ಇಲ್ಲ. ಬಳಕೆದಾರ, ಹೋಗಬೇಕಾದ ಫೋಲ್ಡರ್, ಆಮೇಲೆ ಹುಡುಕು ಮಾತು, ಈ ಕ್ರಮದಲ್ಲಿ ಕೊಡಬೇಕು:

ಡವ್‌ಆಡ್ಮ್ ಮೂವ್ -ಯು ಹೆಸರು ಆರ್ಕೈವ್ ಮೇಲ್‌ಬಾಕ್ಸ್ ಇನ್‌ಬಾಕ್ಸ್ ಸೆಂಟ್‌ಬಿಫೋರ್ 2024-01-01

ತಾರೀಕಿನ ಪದ ಆರಿಸುವಾಗ ಯೋಚಿಸಿ. ಸೆಂಟ್‌ಬಿಫೋರ್ ನೋಡುವುದು ಮೇಲ್‌ನ ಡೇಟ್ ಹೆಡರನ್ನು, ಅಂದರೆ ಕಳಿಸಿದವರ ಕಂಪ್ಯೂಟರ್ ಹೇಳಿದ ದಿನವನ್ನು. ಬರೀ ಬಿಫೋರ್ ನೋಡುವುದು ಸರ್ವರ್‌ಗೆ ಬಂದ ದಿನವನ್ನು. ಸೇವ್ಡ್‌ಬಿಫೋರ್ ನೋಡುವುದು ಆ ಫೋಲ್ಡರ್‌ಗೆ ಬಂದು ಬಿದ್ದ ದಿನವನ್ನು. ಕಸದ ಫೋಲ್ಡರನ್ನು 30 ದಿನಕ್ಕೊಮ್ಮೆ ಖಾಲಿ ಮಾಡಲು ಸೇವ್ಡ್‌ಬಿಫೋರೇ ಬೇಕು. ಬಿಫೋರ್ ಹಾಕಿದರೆ, ಇವತ್ತು ಬೆಳಿಗ್ಗೆ ಕಸಕ್ಕೆ ಹಾಕಿದ ಹಳೆಯ ಮೇಲ್ ಇವತ್ತು ರಾತ್ರಿಯೇ ಮಾಯ. ಸ್ಪ್ಯಾಮ್ ಕಳಿಸುವವರು ಡೇಟ್ ಹೆಡರಲ್ಲಿ ಏನು ಬೇಕಾದರೂ ಬರೆಯುತ್ತಾರೆ, ಅದೂ ನೆನಪಿರಲಿ.

ಅಭ್ಯಾಸ ಮಾಡಿಕೊಳ್ಳಬೇಕಾದ್ದು: ಮೂವ್ ಅಥವಾ ಎಕ್ಸ್‌ಪಂಜ್ ಬರೆಯುವ ಮುಂಚೆ ಅದೇ ಹುಡುಕು ಮಾತನ್ನು ಡವ್‌ಆಡ್ಮ್ ಸರ್ಚ್‌ಗೆ ಕೊಟ್ಟು, ಸಾಲು ಎಣಿಸಿ. ಎಣಿಕೆ ನಿಮ್ಮ ಅಂದಾಜಿಗೆ ಹತ್ತಿರ ಇದ್ದರೆ ಮಾತ್ರ ಮುಂದುವರಿಯಿರಿ. ಎಕ್ಸ್‌ಪಂಜ್‌ಗೆ ಬರೀ ಫೋಲ್ಡರ್ ಹೆಸರು ಕೊಟ್ಟರೆ ಅದು ಒಪ್ಪುವುದಿಲ್ಲ, ಇನ್ನೊಂದು ಷರತ್ತು ಕೇಳುತ್ತದೆ. ಎಲ್ಲವೂ ಹೋಗಲಿ ಅಂದರೆ ಆಲ್ ಅಂತ ಬಾಯಿಬಿಟ್ಟು ಹೇಳಬೇಕು.

ಸರ್ವರ್ ನಿಮ್ಮದಲ್ಲದಿದ್ದರೆ ಮಟ್. ದೊಡ್ಡ ಟಿ ಒತ್ತಿ, ಒಂದು ವರ್ಷ ದಾಟಿದ ಮೇಲ್‌ಗಳ ಮಾದರಿ ಕೊಡಿ: ತಿಲ್ಡೆ (~) ಡಿ, ಖಾಲಿ ಜಾಗ, ‘>1ವೈ’. ಎಲ್ಲಕ್ಕೂ ಟ್ಯಾಗ್ ಬೀಳುತ್ತದೆ. ಅರ್ಧವಿರಾಮ ಒತ್ತಿ ಎಸ್ ಒತ್ತಿದರೆ ಟ್ಯಾಗ್ ಆದದ್ದೆಲ್ಲ ಎಲ್ಲಿಗೆ ಅಂತ ಕೇಳುತ್ತದೆ. ಕೊನೆಗೆ ಡಾಲರ್ ಚಿಹ್ನೆ ಒತ್ತುವವರೆಗೂ ಮೂಲ ಫೋಲ್ಡರ್‌ನಿಂದ ಏನೂ ಹೋಗುವುದಿಲ್ಲ, ಮನಸ್ಸು ಬದಲಿಸಲು ಸಮಯ ಇದೆ.

ಬಂದ ಮೇಲ್ ತಾನೇ ಫೋಲ್ಡರ್‌ಗೆ ಹೋಗುವ ಹಾಗೆ ಮಾಡಲು ಪ್ರಾಕ್‌ಮೇಲ್ ಸಾಕಾ?

ಈಗಾಗಲೇ ಓಡುತ್ತಿದ್ದರೆ ಸಾಕು, ಹೊಸದಾಗಿ ಶುರು ಮಾಡುವವರಿಗೆ ಸೀವ್ (ಮೇಲ್ ವಿಂಗಡಿಸುವ ನಿಯಮಗಳನ್ನು ಬರೆಯುವ ಭಾಷೆ). ಪ್ರಾಕ್‌ಮೇಲ್ 1990ರದ್ದು, ಅದರ ನಿಯಮಗಳನ್ನು ಆರು ತಿಂಗಳ ನಂತರ ಬರೆದವರೇ ಓದಲಾರರು. ಸೀವ್‌ನಲ್ಲಿ ಫೈಲ್‌ಇಂಟು ಅಂತ ಬರೆದರೆ ಆಯಿತು, ಫೋಲ್ಡರ್ ಇಲ್ಲದಿದ್ದರೆ ಮಾಡಿಕೊಳ್ಳಲೂ ಹೇಳಬಹುದು. ಈಗಾಗಲೇ ಬಂದಿರುವ ಮೇಲ್‌ಗೂ ಅದೇ ನಿಯಮ ಅನ್ವಯಿಸಲು ಡವ್‌ಕಾಟ್ ಜೊತೆ ಸೀವ್-ಫಿಲ್ಟರ್ ಬರುತ್ತದೆ. ಸುಮ್ನೆ ಓಡಿಸಿದರೆ ಏನು ಮಾಡುತ್ತಿದ್ದೆ ಅಂತ ಹೇಳುತ್ತದೆ, ಮಾಡುವುದಿಲ್ಲ. ನಿಜವಾಗಿ ಮಾಡಲು ಹೈಫನ್ ಇ ಕೊಡಬೇಕು.

ನಾಟ್‌ಮಚ್ ಇದ್ದರೆ ಫೋಲ್ಡರ್ ಯಾಕೆ ಬೇಕು ಅಂತಾರೆ. ನಿಜಾನಾ?

ಒಬ್ಬರೇ, ಒಂದೇ ಲ್ಯಾಪ್‌ಟಾಪ್‌ನಲ್ಲಿ ಮೇಲ್ ನೋಡುವುದಾದರೆ ನಿಜ. ನಾಟ್‌ಮಚ್ ಅನ್ನುವ ಪ್ರೋಗ್ರಾಮ್ ಮೇಲ್‌ಗಳಿಗೆ ಟ್ಯಾಗ್ ಹಚ್ಚುತ್ತದೆ, ಹುಡುಕುತ್ತದೆ, ಫೈಲ್‌ಗಳನ್ನು ಫೋಲ್ಡರ್‌ನಿಂದ ಫೋಲ್ಡರ್‌ಗೆ ಸಾಗಿಸುವುದಿಲ್ಲ. ಟ್ಯಾಗ್‌ಗಳು ನಿಮ್ಮ ಯಂತ್ರದ ಡೇಟಾಬೇಸ್‌ನಲ್ಲಿ ಇರುತ್ತವೆ, ಫೋನ್‌ಗೆ ಗೊತ್ತೇ ಆಗುವುದಿಲ್ಲ. ಫೋನ್‌ನಲ್ಲೂ ಅದೇ ವಿಂಗಡಣೆ ಬೇಕು ಅನ್ನುವವರು ಫೋಲ್ಡರ್ ಬಿಡಲಾಗದು. ಟ್ಯಾಗ್ ನೋಡಿ ಫೋಲ್ಡರ್‌ಗೆ ಸಾಗಿಸುವ ಎಫ್ಯೂ ಎಂಬ ಸಹಾಯಕ ಇದೆ. ಎಂಬಿಸಿಂಕ್ ಜೊತೆ ಬಳಸಿದರೆ, ಮೇಲೆ ಹೇಳಿದ ‘,ಯು=’ ಕಥೆ ಇಲ್ಲಿಗೂ ಅನ್ವಯ.

ಎಂಎಚ್ ಇನ್ನೂ ಯಾರಾದರೂ ಬಳಸುತ್ತಾರಾ?

ಬಳಸುತ್ತಾರೆ. 1979ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಶುರುವಾಗಿ, ಈಗ ಎನ್‌ಎಂಎಚ್ ಹೆಸರಲ್ಲಿದೆ. ಸ್ಕ್ಯಾನ್, ಪಿಕ್, ರಿಫೈಲ್ ಎಲ್ಲ ಬೇರೆ ಬೇರೆ ಪುಟ್ಟ ಕಮಾಂಡ್‌ಗಳು, ಶೆಲ್‌ನಲ್ಲೇ ಪೋಣಿಸಿಕೊಳ್ಳಬಹುದು. ಫೋಲ್ಡರ್ ಕೆಲಸಕ್ಕೆ ಇಷ್ಟು ಚೆಂದದ ಕಮಾಂಡ್‌ಗಳು ಆಮೇಲೆ ಬರಲಿಲ್ಲ ಅಂತ ನನಗನ್ನಿಸುತ್ತದೆ. ಆದರೆ ಐಮ್ಯಾಪ್ ಜೊತೆ ಅದರ ಸಂಸಾರ ಸರಿಹೋಗದು.

‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಅಂತ ಬರುತ್ತಿದೆ.

ಲಕ್ಷ ಫೈಲ್ ಇರುವ ಕರ್‌ನಲ್ಲಿ ನಕ್ಷತ್ರ ಹಾಕಿ ಎಂವಿ ಹೊಡೆದಿದ್ದೀರಿ. ಶೆಲ್ ಅಷ್ಟೂ ಹೆಸರನ್ನು ಒಂದೇ ಸಾಲಿಗೆ ಬಿಡಿಸಲು ಹೋಗಿ ಮಿತಿ ದಾಟಿತು. ಫೈಂಡ್‌ನಿಂದ ಹೆಸರು ತೆಗೆದು ಎಕ್ಸ್‌ಆರ್ಗ್ಸ್‌ಗೆ ಕೊಡಿ, ಶೂನ್ಯದಿಂದ ಬೇರ್ಪಡಿಸುವ ಆಯ್ಕೆ ಎರಡೂ ಕಡೆ ಹಾಕಿ. ಇಷ್ಟು ಫೈಲ್ ಇರುವ ಕಡೆ ‘ಡಿಎಫ್ -ಐ’ ಕೂಡ ನೋಡಿ. ಜಾಗ ಇದ್ದರೂ ಐನೋಡ್ (ಪ್ರತಿ ಫೈಲ್‌ಗೂ ಡಿಸ್ಕ್‌ನಲ್ಲಿ ಬೇಕಾಗುವ ಒಂದು ದಾಖಲೆ) ಮುಗಿದರೆ ಹೊಸ ಮೇಲ್ ಬೀಳುವುದಿಲ್ಲ.

ಮೇಲ್‌ಡಿರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಲು ಆಗುತ್ತಿಲ್ಲ.

ಫೈಲ್ ಹೆಸರಿನಲ್ಲಿರುವ ಕೋಲನ್ ಕಾರಣ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ಪದ್ಧತಿ ಅದನ್ನು ಒಪ್ಪುವುದಿಲ್ಲ, ವಿಂಡೋಸ್ ಕೂಡ ಒಪ್ಪುವುದಿಲ್ಲ. ಟಾರ್ ಮಾಡಿ ಒಂದೇ ಫೈಲ್ ಆಗಿ ಹಾಕಿ.

ಆರ್‌ಸಿಂಕ್ ಬಳಸುವವರಿಗೆ: ಮೇಲ್ ಓದಿದ ಕೂಡಲೇ ಫೈಲ್‌ನ ಹೆಸರು ಬದಲಾಗುತ್ತದೆ, ಆರ್‌ಸಿಂಕ್‌ಗೆ ಅದು ಹೊಸ ಫೈಲ್. ‘--ಡಿಲೀಟ್’ ಇಲ್ಲದೆ ದಿನವೂ ಓಡಿಸಿದರೆ ಬ್ಯಾಕಪ್‌ನಲ್ಲಿ ಒಂದೇ ಮೇಲ್ ಓದದ್ದು, ಓದಿದ್ದು, ಉತ್ತರಿಸಿದ್ದು ಅಂತ ಮೂರು ಅವತಾರದಲ್ಲಿ ಸಿಗುತ್ತದೆ. ‘--ಡಿಲೀಟ್’ ಹಾಕಿದರೆ ತಪ್ಪಾಗಿ ಅಳಿಸಿದ್ದೂ ಬ್ಯಾಕಪ್‌ನಿಂದ ಹೋಗುತ್ತದೆ. ಹಾಗಾಗಿ ದಿನಕ್ಕೊಂದು ಪ್ರತಿ ಇಡುವ ರೆಸ್ಟಿಕ್, ಬೋರ್ಗ್‌ನಂಥ ಸಾಧನವೇ ಸರಿ.

ತಪ್ಪಾಗಿ ಅಳಿಸಿಬಿಟ್ಟೆ. ವಾಪಸ್ ಬರುತ್ತಾ?

ಮೊದಲು ಸಿಂಕ್ ನಿಲ್ಲಿಸಿ. ಕ್ರಾನ್ ಇರಲಿ, ಸಿಸ್ಟಂಡಿ ಟೈಮರ್ ಇರಲಿ, ಅದನ್ನು ಆಫ್ ಮಾಡಿದ ಮೇಲೇ ಉಳಿದ ಯೋಚನೆ. ಒಂದು ಕಡೆ ಹೋದದ್ದು ಇನ್ನೊಂದು ಕಡೆ ಇನ್ನೂ ಇರಬಹುದು, ಮುಂದಿನ ಸಿಂಕ್ ಅದನ್ನೂ ಒರೆಸುತ್ತದೆ.

ಐಮ್ಯಾಪ್‌ನಲ್ಲಿ ಅಳಿಸುವುದು ಎರಡು ಹೆಜ್ಜೆ. ಮೊದಲು ಡಿಲೀಟೆಡ್ ಅನ್ನುವ ಗುರುತು, ಆಮೇಲೆ ಎಕ್ಸ್‌ಪಂಜ್. ಗುರುತಿನ ಹಂತದಲ್ಲಿದ್ದರೆ ಗುರುತು ತೆಗೆದರೆ ಸಾಕು. ಮೇಲ್‌ಡಿರ್‌ನಲ್ಲಿ ಅದು ಫೈಲ್ ಹೆಸರಿನ ಕೊನೆಯ ಟಿ ಅಕ್ಷರ. ಟಿ ಇಲ್ಲದ ಹೆಸರಿಗೆ ಎಂವಿ ಮಾಡಿದರೆ ಮೇಲ್ ಜೀವಂತ. ಎಂಎಚ್‌ನಲ್ಲಿ ಆರ್‌ಎಂಎಂ ಮಾಡಿದ ಫೈಲ್ ಹೆಸರಿನ ಮುಂದೆ ಕಾಮಾ ಸೇರಿಕೊಂಡು ಅಲ್ಲೇ ಇರುತ್ತದೆ, ಅದನ್ನು ತೆಗೆಯಿರಿ. ಜಿಮೇಲ್ ಆದರೆ ಆಲ್ ಮೇಲ್ ಮತ್ತು ಟ್ರ್ಯಾಶ್ ಎರಡನ್ನೂ ಹುಡುಕಿ.

ಎಕ್ಸ್‌ಪಂಜ್ ಆಗಿ ಹೋಗಿದ್ದರೆ ಬ್ಯಾಕಪ್ ನೋಡಬೇಕು. ಬ್ಯಾಕಪ್ ಇಲ್ಲದಿದ್ದರೆ ಹಳೆಯ ಲ್ಯಾಪ್‌ಟಾಪ್ ಒಂದನ್ನು ನೆಟ್ ಇಲ್ಲದೆ ಆನ್ ಮಾಡಿ ನೋಡಿ. ವೈಫೈ ಮೊದಲೇ ಆಫ್ ಇರಲಿ. ಅದರ ಡಿಸ್ಕ್‌ನಲ್ಲಿ ಮೇಲ್‌ಡಿರ್ ಇದ್ದರೆ ಬೇಕಾದ ಫೈಲ್‌ಗಳನ್ನು ಪಕ್ಕಕ್ಕೆ ಕಾಪಿ ಮಾಡಿ, ‘,ಯು=’ ತೆಗೆದು, ಹೊಸದೊಂದು ಫೋಲ್ಡರ್‌ಗೆ ಹಾಕಿ, ಆಮೇಲೆ ಸಿಂಕ್ ಶುರು ಮಾಡಿ.